ನಾಲ್ಕು ಚಕ್ರಗಳ ಒಪ್ಪಂದ: ಆಲ್‌ ವೀಲ್‌ ಡ್ರೈವ್ ಕಾರನ್ನು ಕಾಡುಮೇಡಿಗೆ ಸಜ್ಜಾಗಿಡುವ ಸಮಗ್ರ ಮಾರ್ಗದರ್ಶಿ

ಖಾಲಿ ಪಾರ್ಕಿಂಗ್ ಜಾಗವೊಂದನ್ನು ಹುಡುಕಿ. ಸ್ಟೇರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ ಕಾರು ತಾನಾಗಿಯೇ ಸುತ್ತು ಹಾಕಲು ಬಿಡಿ. ಎಣ್ಣೆ ಹಚ್ಚಿದಂತೆ ನುಣ್ಣಗೆ ಸಾಗಿದರೆ ಒಳ್ಳೆಯದು. ಹಿಂದಿನಿಂದ ಯಾರೋ ಹಿಡಿದೆಳೆದಂತೆ ತಡೆದು, ಸಣ್ಣಗೆ ಕುಪ್ಪಳಿಸಿ ಮುಂದೆ ಹೋದರೆ ಒಳಗೆ ಏನೋ ಜಗಳ ನಡೆದಿದೆ ಎಂದು ತಿಳಿಯಿರಿ.

ನನ್ನ ಕಾರು ಹಾಗೆ ಕುಪ್ಪಳಿಸಿದ್ದು ಟೈರ್ ಬದಲಿಸಿ ಎರಡು ತಿಂಗಳಾದ ಮೇಲೆ. ಚೂಪುಗಲ್ಲೊಂದು ಟೈರಿನ ಪಕ್ಕೆ ಸೀಳಿತ್ತು. ‘ಮುಂದಿನ ಎರಡು ಹೊಸದು ಹಾಕಿಸಿ, ಹಿಂದಿನವು ಇನ್ನೂ ಚೆನ್ನಾಗಿವೆ’ ಎಂದು ಅಂಗಡಿಯಲ್ಲಿ ಹೇಳಿದರು. ಎರಡು ಟೈರಿನ ಹಣ ಉಳಿಯಿತೆಂದು ನಾನೂ ಹಿಗ್ಗಿದೆ. ಕೊನೆಗೆ ಹಿಂದಿನ ಚಕ್ರಗಳಿಗೆ ಶಕ್ತಿ ಸೇರಿಸುವ ಹಿಂಬದಿಯ ಕ್ಲಚ್ ಜೋಡಣೆ ಸುಟ್ಟು, ಉಳಿಸಿದ್ದರ ಹಲವು ಪಟ್ಟು ಕೈಬಿಟ್ಟಿತು. ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ಈ ಬಗೆಯ ಕಾರಿನಲ್ಲಿ ಅವುಗಳ ನಡುವೆ ಒಂದು ಒಪ್ಪಂದವಿರುತ್ತದೆ: ನೇರ ದಾರಿಯಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಉರುಳಬೇಕು. ಅದನ್ನು ಕಾಪಾಡುವುದೇ ನಿರ್ವಹಣೆಯ ಮುಕ್ಕಾಲು ಭಾಗ.

ನಿಮ್ಮದು ಯಾವ ಬಗೆ ಎಂದು ಮೊದಲು ತಿಳಿಯಿರಿ

ಹಿಂಬದಿಯ ಬಾಗಿಲಿಗೆ ಅಂಟಿಸಿದ ಅಕ್ಷರಗಳನ್ನು ನಂಬಬೇಡಿ. ಒಂದೇ ಹೆಸರಿನ ಹಿಂದೆ ಬೇರೆ ಬೇರೆ ಯಂತ್ರಗಳಿರುತ್ತವೆ.

1972ರಲ್ಲಿ ಸುಬಾರು ತನ್ನ ಲಿಯೋನ್ ಎಸ್ಟೇಟ್ ಕಾರಿಗೆ ನಾಲ್ಕು ಚಕ್ರಗಳ ಎಳೆತ ಕೊಟ್ಟಾಗ ಅದು ಬೇಕೆಂದಾಗ ಮಾತ್ರ ಹಾಕಿಕೊಳ್ಳುವ ಏರ್ಪಾಟಾಗಿತ್ತು. ಮುಂದಿನ ಮತ್ತು ಹಿಂದಿನ ಅಚ್ಚುಗಳನ್ನು ಗಟ್ಟಿಯಾಗಿ ಬೆಸೆಯುವ ಇಂಥ ಪದ್ಧತಿ ಇಂದಿಗೂ ಸುಜುಕಿ ಜಿಮ್ನಿಯಂಥ ವಾಹನಗಳಲ್ಲಿದೆ. ಒಣ ಡಾಂಬರಿನ ಮೇಲೆ ಇದನ್ನು ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಆ ವ್ಯತ್ಯಾಸಕ್ಕೆ ಹೊರದಾರಿ ಸಿಗದೆ ಶಾಫ್ಟುಗಳು ಹಗ್ಗದಂತೆ ಹುರಿಗೊಳ್ಳುತ್ತವೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇವು ಕುಪ್ಪಳಿಸುವುದು ದೋಷವಲ್ಲ, ಸ್ವಭಾವ. ಮಣ್ಣು, ಮರಳಿನಲ್ಲಿ ಚಕ್ರ ಜಾರಿ ಆ ಬಿಗಿ ತಾನೇ ಸಡಿಲುತ್ತದೆ.

ಎರಡನೆಯದು ಸದಾಕಾಲ ನಾಲ್ಕೂ ಚಕ್ರ ಎಳೆಯುವ ಬಗೆ. ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆ ಕುಳಿತು ವೇಗದ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. 1977ರ ಲಾಡಾ ನಿವಾ, 1980ರ ಔಡಿ ಕ್ವಾಟ್ರೊ ಈ ಸಾಲಿನವು.

ಮೂರನೆಯದು ಇಂದು ಅತಿ ಹೆಚ್ಚು ಮಾರಾಟವಾಗುವ ಬಗೆ. ಮಾಮೂಲಿಗೆ ಮುಂದಿನ ಎರಡು ಚಕ್ರ ದುಡಿಯುತ್ತವೆ. ಜಾರಿಕೆ ಕಂಡಾಗ ಕಂಪ್ಯೂಟರು ಹಿಂದಿನ ಅಚ್ಚಿನ ಬಳಿಯಿರುವ ಕ್ಲಚ್ಚನ್ನು ಒತ್ತಿ ಹಿಂದಿನವನ್ನೂ ಕೆಲಸಕ್ಕೆ ಹಚ್ಚುತ್ತದೆ. 1990ರ ದಶಕದ ಕೊನೆಗೆ ಯುರೋಪಿನ ಕಾರುಗಳಿಗೆ ಬಂದ ಹಾಲ್ಡೆಕ್ಸ್ ಕ್ಲಚ್ ಇದರ ಹೆಸರುವಾಸಿ ಮಾದರಿ. ಹಗುರ, ಇಂಧನಕ್ಕೂ ಮಿತ. ಆದರೆ ಮರಳಿನಲ್ಲಿ ಬಹಳ ಹೊತ್ತು ಒದ್ದಾಡಿದರೆ ಕ್ಲಚ್ ಬಿಸಿಯೇರಿ, ತನ್ನನ್ನು ಉಳಿಸಿಕೊಳ್ಳಲು ಕೈಚೆಲ್ಲುತ್ತದೆ. ಆಗ ಇಳಿದು, ಇಪ್ಪತ್ತು ನಿಮಿಷ ನೆರಳಲ್ಲಿ ಕೂರುವುದೇ ದಾರಿ.

ಎರಡು ಮೋಟರಿನ ವಿದ್ಯುತ್ ಕಾರುಗಳಲ್ಲಿ ನಡುವಿನ ಶಾಫ್ಟೇ ಇರುವುದಿಲ್ಲ. ಹಾಗಿದ್ದರೂ ಟೈರಿನ ಮಾತು ಅವಕ್ಕೂ ಅನ್ವಯಿಸುತ್ತದೆ. ಭಾರ ಹೆಚ್ಚಿರುವುದರಿಂದ ಅವುಗಳ ಟೈರ್ ಇನ್ನೂ ಬೇಗ ಸವೆಯುತ್ತದೆ.

ಟೈರು: ಇಲ್ಲಿ ಜಿಪುಣತನ ಬೇಡ

ಲೆಕ್ಕವನ್ನೇ ನೋಡಿ. 215/65 ಆರ್16 ಅಳತೆಯ ಹೊಸ ಟೈರಿನ ಸುತ್ತಳತೆ ಸುಮಾರು 2155 ಮಿ.ಮೀ. ಒಂದು ಕಿಲೋಮೀಟರಿಗೆ ಅದು 464 ಸುತ್ತು ತಿರುಗುತ್ತದೆ. ಟ್ರೆಡ್, ಅಂದರೆ ನೆಲ ಕಚ್ಚುವ ಪದರ, 3 ಮಿ.ಮೀ. ಸವೆದರೆ ಸುತ್ತಳತೆ 19 ಮಿ.ಮೀ. ಕುಗ್ಗಿ ಅದೇ ಟೈರ್ 468 ಸುತ್ತು ತಿರುಗಬೇಕಾಗುತ್ತದೆ. ನಾಲ್ಕು ಸುತ್ತು ಯಾವ ಮಹಾ ಎನಿಸಬಹುದು. ನೂರು ಕಿಲೋಮೀಟರಿಗೆ ಅದು ನಾನೂರು ಸುತ್ತು. ಅಷ್ಟನ್ನೂ ನಡುವಿನ ಕ್ಲಚ್ ಇಲ್ಲವೇ ಡಿಫರೆನ್ಷಿಯಲ್ ಎಡೆಬಿಡದೆ ಉಜ್ಜಿಕೊಂಡು ಸರಿದೂಗಿಸಬೇಕು. ನೇರ ಹೆದ್ದಾರಿಯಲ್ಲೂ ಅದಕ್ಕೆ ಬಿಡುವಿಲ್ಲ. ಸುತ್ತಳತೆಯಲ್ಲಿ 6 ಮಿ.ಮೀ. ಆಸುಪಾಸಿಗಿಂತ ಹೆಚ್ಚು ವ್ಯತ್ಯಾಸ ಒಪ್ಪದ ತಯಾರಕರಿದ್ದಾರೆ. ಟ್ರೆಡ್ಡಿನ ಆಳದಲ್ಲಿ ಅದು ಹೆಚ್ಚುಕಡಿಮೆ 1 ಮಿ.ಮೀ. ಮಾತ್ರ! ಹಾಗಾಗಿ:

1. ನಾಲ್ಕೂ ಒಂದೇ ಕಂಪನಿ, ಒಂದೇ ಮಾದರಿ, ಒಂದೇ ಅಳತೆ. ‘ಅಳತೆ ಒಂದೇ ತಾನೇ’ ಎಂಬ ವಾದ ಬೇಡ. ಬರೆದ ಅಳತೆ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ನಿಜವಾದ ಸುತ್ತಳತೆ ಬದಲಾಗುತ್ತದೆ.

2. ಟ್ರೆಡ್ ಆಳ ಅಳೆಯುವ ಕಡ್ಡಿಯೊಂದನ್ನು ಕಾರಿನಲ್ಲೇ ಇಡಿ. ತಿಂಗಳಿಗೊಮ್ಮೆ ಪ್ರತಿ ಟೈರಿನ ಒಳಅಂಚು, ನಡು, ಹೊರಅಂಚು ಅಳೆದು ಬರೆದಿಡಿ. ಒಳಅಂಚು ಮಾತ್ರ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ನಡು ಮಾತ್ರ ಸವೆದರೆ ಗಾಳಿ ಹೆಚ್ಚು. ಎರಡೂ ಅಂಚು ಸವೆದರೆ ಗಾಳಿ ಕಡಿಮೆ.

3. ಪ್ರತಿ 8,000ದಿಂದ 10,000 ಕಿ.ಮೀ.ಗೆ ಟೈರುಗಳ ಜಾಗ ಬದಲಿಸಿ. ಹಿಂದಿನ ಎರಡನ್ನು ಅದೇ ಬದಿಯಲ್ಲಿ ಮುಂದಕ್ಕೆ ತನ್ನಿ, ಮುಂದಿನ ಎರಡನ್ನು ಎಡಬಲ ಅದಲುಬದಲಾಗಿಸಿ ಹಿಂದಕ್ಕೆ ಹಾಕಿ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಬದಿ ಬದಲಿಸುವಂತಿಲ್ಲ, ಹಿಂದೆಮುಂದೆ ಮಾತ್ರ.

4. ಒಂದೇ ಟೈರ್ ಹರಿದುಹೋಗಿ ಉಳಿದ ಮೂರು ಅರ್ಧ ಸವೆದಿದ್ದರೆ? ಕೆಲವು ಕಡೆ ಹೊಸ ಟೈರನ್ನು ಹಳೆಯವುಗಳ ಮಟ್ಟಕ್ಕೆ ತುರಿದುಕೊಡುವ ಯಂತ್ರವಿರುತ್ತದೆ. ಅಷ್ಟೇ ಸವೆದ ಅದೇ ಮಾದರಿಯ ಹಳೆಯ ಟೈರ್ ಸಿಕ್ಕರೂ ಆದೀತು. ಎರಡೂ ಇಲ್ಲವೆಂದರೆ ಹಲ್ಲು ಕಚ್ಚಿ ನಾಲ್ಕನ್ನೂ ಬದಲಿಸಿ.

5. ಸ್ಟೆಪ್ನಿ ಪೂರ್ಣ ಗಾತ್ರದ್ದಿರಲಿ, ಅದನ್ನೂ ಜಾಗ ಬದಲಾವಣೆಯ ಸರದಿಗೆ ಸೇರಿಸಿ. ಕಾರಿನ ಜೊತೆ ಬಂದದ್ದು ಸಣ್ಣ ತೆಳು ಸ್ಟೆಪ್ನಿಯಾದರೆ ಅದು ಊರು ಮುಟ್ಟಿಸಲಷ್ಟೇ, ಅದೂ ನಿಧಾನವಾಗಿ. ಅದನ್ನು ಹಾಕಿದಾಗ ಆಲ್‌ ವೀಲ್‌ ಡ್ರೈವ್ ವ್ಯವಸ್ಥೆಯನ್ನು ತಡೆಹಿಡಿಯುವ ಸೌಲಭ್ಯ ಕೆಲವು ಕಾರುಗಳಲ್ಲಿ ಇರುತ್ತದೆ, ಕೈಪಿಡಿಯಲ್ಲಿ ಹುಡುಕಿ.

ಅನೇಕ ದೇಶಗಳಲ್ಲಿ ಟ್ರೆಡ್ಡಿನ ಕಾನೂನುಬದ್ಧ ಕನಿಷ್ಠ ಆಳ 1.6 ಮಿ.ಮೀ. ಕಾನೂನು ಏನೇ ಹೇಳಲಿ, 3 ಮಿ.ಮೀ.ಗಿಂತ ಕಡಿಮೆ ಆಳ ಉಳಿದ ಟೈರಿನಲ್ಲಿ ಮಳೆಗೆ ಹೊರಡಬೇಡಿ. ಹಿಮವಿದ್ದರೆ 4. ಹಿಮದ ನಾಡಿಗೆ ಹೋಗುವವರು ಮೂರು ಶಿಖರಗಳ ನಡುವೆ ಹಿಮದ ಹರಳಿರುವ ಮುದ್ರೆಯನ್ನು ಟೈರಿನ ಪಕ್ಕದಲ್ಲಿ ನೋಡಿಯೇ ಕೊಳ್ಳಿ. ಬರೀ ‘ಎಂ+ಎಸ್’ ಎಂದಿದ್ದರೆ ಅದು ಟ್ರೆಡ್ಡಿನ ವಿನ್ಯಾಸದ ಬಗ್ಗೆ ತಯಾರಕನೇ ಹೇಳಿಕೊಂಡ ಮಾತು. ಶಿಖರದ ಮುದ್ರೆ ಹಿಮದ ಮೇಲೆ ಪರೀಕ್ಷೆ ಪಾಸಾದದ್ದು. ಟೈರಿನ ವಯಸ್ಸು ಪಕ್ಕದ ನಾಲ್ಕಂಕಿಯಲ್ಲಿದೆ: 2323 ಎಂದರೆ 2023ರ 23ನೇ ವಾರ.

ಯಾರೂ ನೋಡದ ಮೂರು ಎಣ್ಣೆ

ಎಂಜಿನ್ ಆಯಿಲ್ಲನ್ನು ಎಲ್ಲರೂ ಬದಲಿಸುತ್ತಾರೆ. ಮುಂದಿನ ಡಿಫರೆನ್ಷಿಯಲ್, ಹಿಂದಿನ ಡಿಫರೆನ್ಷಿಯಲ್, ಅವೆರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆ, ಇವುಗಳ ಎಣ್ಣೆ ಮಾತ್ರ ಅನಾಥ. ಪ್ರಮಾಣ ಕಡಿಮೆ, ಹಲವು ಕಾರುಗಳ ಹಿಂದಿನ ಡಿಫರೆನ್ಷಿಯಲ್ಲಿಗೆ ಒಂದು ಲೀಟರಿನ ಆಸುಪಾಸು. ಇಷ್ಟೇ ಎಣ್ಣೆ ಇಡೀ ಕಾರಿನ ಭಾರ ಹೊರುವ ಹಲ್ಲುಚಕ್ರಗಳನ್ನು ಕಾಯಬೇಕು. ಕ್ಲಚ್ ಜೋಡಣೆ ಇರುವ ಕಾರಿನಲ್ಲಿ ಅದಕ್ಕೆ ನಾಲ್ಕನೆಯ, ಬೇರೆಯದೇ ಎಣ್ಣೆಯಿರಬಹುದು, ಜೊತೆಗೊಂದು ಜಾಲರಿ ಅಥವಾ ಫಿಲ್ಟರ್. ‘ಇದು ಜೀವಮಾನದ ಎಣ್ಣೆ’ ಎನ್ನುವವರಿಗೆ ಯಾರ ಜೀವಮಾನ ಎಂದು ಕೇಳಿ.

ಕೈಪಿಡಿಯಲ್ಲಿ ಎರಡು ಪಟ್ಟಿಗಳಿರುತ್ತವೆ: ಸಾಮಾನ್ಯ ಬಳಕೆ, ಕಠಿಣ ಬಳಕೆ. ಧೂಳು, ಮಣ್ಣುದಾರಿ, ಭಾರ, ನೀರು ಇದ್ದರೆ ನೀವು ಎರಡನೆಯ ಪಟ್ಟಿಯವರು, ಹಿಂಜರಿಕೆ ಬೇಡ. ಬದಲಿಸುವ ಕ್ರಮ ಹೀಗೆ:

1. ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ಬೆಚ್ಚಗಿನ ಎಣ್ಣೆ ಪೂರ್ತಿ ಇಳಿಯುತ್ತದೆ.

2. ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಾಲ್ಕು ಆಸರೆ ಸ್ಟ್ಯಾಂಡುಗಳ ಮೇಲೆ ಸಮನಾಗಿ ನಿಲ್ಲಿಸಿ. ಬರೀ ಜ್ಯಾಕಿನ ಮೇಲೆ ನಿಂತ ಕಾರಿನಡಿಗೆ ತಲೆ ತೂರಿಸುವುದು ಸಾವಿನ ಜೊತೆ ಚೌಕಾಸಿ. ಎತ್ತರಿಸದೆಯೇ ಕೈ ಎಟುಕುವಂತಿದ್ದರೆ ಇನ್ನೂ ಲೇಸು.

3. ಮೊದಲು ತುಂಬುವ ಬೋಲ್ಟನ್ನು ಬಿಚ್ಚಿ, ಆಮೇಲೆ ಸುರಿಯುವ ಬೋಲ್ಟಿಗೆ ಕೈಹಾಕಿ. ಈ ಸಾಲನ್ನು ಎರಡು ಸಲ ಓದಿ. ತುಕ್ಕು ಹಿಡಿದ ತುಂಬುವ ಬೋಲ್ಟ್ ಬಿಚ್ಚದೇ ಹೋದರೆ ಎಣ್ಣೆ ಖಾಲಿಯಾದ ಕಾರು ಅಲ್ಲೇ ಕೂರುತ್ತದೆ. ಒಂದು ಭಾನುವಾರವಿಡೀ ನಾನು ಹಾಗೆ ಕೂತಿದ್ದೆ.

4. ಸುರಿದ ಎಣ್ಣೆಗಿಂತ ಬೋಲ್ಟಿನ ತುದಿಯ ಅಯಸ್ಕಾಂತ ಹೆಚ್ಚು ಮಾತಾಡುತ್ತದೆ. ಬೆರಳಿಗೆ ಕಾಡಿಗೆಯಂತೆ ನುಣ್ಣಗೆ ಅಂಟುವ ಬೂದುಬಣ್ಣದ ಕೆಸರು ಸಹಜ ಸವೆತ. ಉಗುರಿಗೆ ತಾಗುವ ಚೂರುಗಳು, ಹೊಳೆಯುವ ಹೊಟ್ಟು ಕಂಡರೆ ಗೇರ್ ಅಥವಾ ಬೇರಿಂಗ್ ಸಾಯುತ್ತಿದೆ. ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ನೀರು ಹೊಕ್ಕಿದೆ.

5. ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಹೇಳಿದ ಬಿಗಿಗೆ ಟಾರ್ಕ್ ಪಾನಾದಿಂದ ಬಿಗಿಯಿರಿ. ಅಲ್ಯೂಮಿನಿಯಮ್ ಪೆಟ್ಟಿಗೆಯಲ್ಲಿ ಬೋಲ್ಟ್ ಕೂರುವ ತಿರುಪಿನ ಗೆರೆಗಳನ್ನು ಕೈಬಲ ತೋರಿಸಿ ಹಾಳುಮಾಡಿದವರು ಬಹಳ ಮಂದಿ.

6. ಕೈಪಂಪಿನಿಂದ ಹೊಸ ಎಣ್ಣೆ ತುಂಬಿ. ಬಹುತೇಕ ಪೆಟ್ಟಿಗೆಗಳಲ್ಲಿ ತುಂಬುವ ರಂಧ್ರದಿಂದ ಎಣ್ಣೆ ತೆಳ್ಳಗೆ ಹೊರಸೂಸಿದಾಗ ಮಟ್ಟ ಸರಿ. ಜಿಎಲ್-5 ದರ್ಜೆಯ 75ಡಬ್ಲ್ಯು-90 ಎಂಬ ಗೇರ್ ಎಣ್ಣೆ ಡಿಫರೆನ್ಷಿಯಲ್‌ಗಳಿಗೆ ತೀರಾ ಸಾಮಾನ್ಯ. ಆದರೆ ಟ್ರಾನ್ಸ್‌ಫರ್ ಪೆಟ್ಟಿಗೆಗೆ, ಕ್ಲಚ್ಚಿಗೆ ಬೇರೆಯದೇ ಬೇಕಾಗಬಹುದು. ಉಳಿದ ಡಬ್ಬಿಯನ್ನು ಅಂದಾಜಿನ ಮೇಲೆ ಸುರಿಯಬೇಡಿ.

ಕಾರಿನಡಿಯ ಹತ್ತು ನಿಮಿಷ

ತಿಂಗಳಿಗೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಚಕ್ರಗಳತ್ತ ಹೋಗುವ ಶಾಫ್ಟುಗಳ ತುದಿಯಲ್ಲಿ ಮಡಿಕೆಮಡಿಕೆಯಾದ ರಬ್ಬರ್ ಬೂಟುಗಳಿರುತ್ತವೆ. ಮಡಿಕೆ ಬಿಡಿಸಿ ಬಿರುಕು ಹುಡುಕಿ. ಚಕ್ರದ ಒಳಮೈಗೆ ಕಪ್ಪು ಗ್ರೀಸ್ ಎರಚಿದ್ದರೆ ಬೂಟು ಆಗಲೇ ಹರಿದಿದೆ. ಆ ಹಂತದಲ್ಲಿ ಬೂಟು, ಗ್ರೀಸ್ ಬದಲಿಸಿದರೆ ಮುಗಿಯಿತು. ಬಿಟ್ಟರೆ ಮಣ್ಣು ಹೊಕ್ಕು, ತಿರುವಿನಲ್ಲಿ ಟಕ್ ಟಕ್ ಸದ್ದು ಶುರುವಾಗಿ ಇಡೀ ಜಾಯಿಂಟ್ ಹೋಗುತ್ತದೆ.

ಡಿಫರೆನ್ಷಿಯಲ್ ಪೆಟ್ಟಿಗೆಯ ಮೇಲೆ ಉಸಿರಾಟದ ಸಣ್ಣ ನಳಿಕೆಯಿದೆ. ಕೆಸರು ಮೆತ್ತಿ ಅದು ಕಟ್ಟಿದರೆ ಬಿಸಿಯಾದ ಗಾಳಿ ಹೊರಹೋಗದೆ ಎಣ್ಣೆಯನ್ನು ಸೀಲುಗಳ ಮೂಲಕ ಹೊರದಬ್ಬುತ್ತದೆ. ಸೀಲು ಸೋರುತ್ತಿದೆ ಎಂದು ಎರಡು ಸಲ ಸೀಲು ಬದಲಿಸಿದವರಿದ್ದಾರೆ. ಬೇಕಾಗಿದ್ದದ್ದು ನಳಿಕೆಗೆ ಒಂದು ಉಫ್.

ಕಲ್ಲುದಾರಿ ಇಳಿದು ಡಾಂಬರಿಗೆ ಬರುತ್ತಲೇ ಚಕ್ರದಿಂದ ಕಬ್ಬಿಣ ಕೊರೆಯುವಂಥ ಕಿರುಚು ಕೇಳಿದರೆ ಬೆಚ್ಚಬೇಡಿ. ಮೊದಲ ಸಲ ಕೇಳಿದಾಗ ಬೇರಿಂಗ್ ಹೋಯಿತೆಂದು ನಾನು ಎಳೆಯುವ ಗಾಡಿ ಕರೆಸಲು ಹೊರಟಿದ್ದೆ. ಬ್ರೇಕ್ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಡಲೆಕಾಳಿನಷ್ಟು ಕಲ್ಲೊಂದು ಸಿಕ್ಕಿತ್ತು. ಕಾರನ್ನು ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ನಾಲ್ಕಾರು ಸಲ ಓಡಿಸಿದರೆ ಸಾಮಾನ್ಯವಾಗಿ ಬೀಳುತ್ತದೆ. ಇಲ್ಲದಿದ್ದರೆ ತಗಡನ್ನು ಸ್ಕ್ರೂಡ್ರೈವರಿನಿಂದ ತುಸು ಅಗಲಿಸಿ ಉದುರಿಸಿ. ಬಿಸಿ ಡಿಸ್ಕ್ ಮುಟ್ಟಬೇಡಿ.

ಎಂಜಿನ್ ಏರ್ ಫಿಲ್ಟರನ್ನು ಧೂಳುದಾರಿಯ ಪ್ರತಿ ಪ್ರವಾಸದ ನಂತರ ತೆರೆದು ನೋಡಿ.

ಹೇರುವ ಮುನ್ನ ತೂಗಿ

ಚಾಲಕನ ಬಾಗಿಲಿನ ಕಂಬದ ಬಳಿ ಅಥವಾ ಕೈಪಿಡಿಯಲ್ಲಿ ಗರಿಷ್ಠ ಒಟ್ಟು ತೂಕ ಬರೆದಿರುತ್ತದೆ. ಅದರಿಂದ ಖಾಲಿ ಕಾರಿನ ತೂಕ ಕಳೆದರೆ ಉಳಿದದ್ದು ಜನ, ನೀರು, ಸಾಮಾನು ಎಲ್ಲ ಸೇರಿ. ಐದು ಜನ ಕೂತರೆ ಎಷ್ಟು ಕಡಿಮೆ ಉಳಿಯುತ್ತದೆ ಎಂಬುದು ಕಾಗದದ ಮೇಲೆ ನೋಡಿದಾಗಲೇ ಗೊತ್ತಾಗುವುದು. ಛಾವಣಿಯ ಮಿತಿ ಬೇರೆ: ಹಲವು ಕಾರುಗಳಿಗೆ ಅದು ಓಡುವಾಗ 75ರಿಂದ 100 ಕೆ.ಜಿ., ಅದರಲ್ಲೇ ಕ್ಯಾರಿಯರ್ ಕಂಬಿಗಳ ತೂಕವೂ ಸೇರಿದೆ. ಛಾವಣಿಯ ಗುಡಾರಗಳು ಹಲವು 50 ಕೆ.ಜಿ. ಮೀರುತ್ತವೆ. ನಿಂತಾಗ ಛಾವಣಿ ಹೆಚ್ಚು ತಡೆಯುತ್ತದೆ, ಆದ್ದರಿಂದ ಅದರೊಳಗೆ ಮಲಗಬಹುದು. ಆದರೆ ಓರೆ ದಾರಿಯಲ್ಲಿ ತಲೆಭಾರದ ಕಾರು ಕುಡುಕನಂತೆ ವಾಲುತ್ತದೆ. ನೀರಿನ ಕ್ಯಾನು, ಸಲಕರಣೆ ಪೆಟ್ಟಿಗೆ ಕೆಳಗೆ, ಹಿಂದಿನ ಸೀಟಿಗೆ ಒತ್ತಿ, ಕಟ್ಟಿಟ್ಟಿರಲಿ. ಹಾಸಿಗೆ, ಬಟ್ಟೆ ಮೇಲಿರಲಿ.

ದಾರಿ ಬಿಟ್ಟ ಮೇಲೆ

ಮೊದಲ ಪಾಠ: ಬ್ರೇಕಿಗೆ ಆಲ್‌ ವೀಲ್‌ ಡ್ರೈವ್ ಗೊತ್ತಿಲ್ಲ. ಏರು ಹತ್ತಿಸುವ ಯಂತ್ರ ಇಳಿಯುವಾಗ ನಿಲ್ಲಿಸಿಕೊಡುವುದಿಲ್ಲ. ಜಾರುದಾರಿಯಲ್ಲಿ ಕಾರು ಸರಾಗವಾಗಿ ವೇಗ ಹಿಡಿಯುವುದೇ ಅಪಾಯ. ನೆಲ ಎಷ್ಟು ಜಾರುತ್ತಿದೆ ಎಂಬ ಸುಳಿವನ್ನೇ ಅದು ಮುಚ್ಚಿಡುತ್ತದೆ. ಹಿಮ ಅಥವಾ ಒದ್ದೆ ಜೇಡಿಮಣ್ಣಿಗೆ ಇಳಿದ ಕೂಡಲೇ, ಹಿಂದೆ ಯಾರೂ ಇಲ್ಲದಾಗ, ನಿಧಾನ ವೇಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ.

ಮರಳಿನಲ್ಲಿ ಟೈರಿನ ಗಾಳಿ ಇಳಿಸಿ. ಹೆದ್ದಾರಿಗೆ 33 ಪಿಎಸ್‌ಐ ಇದ್ದರೆ 18ರ ಸುತ್ತ. ಟೈರ್ ಅಡ್ಡಡ್ಡ ಉಬ್ಬುವುದಕ್ಕಿಂತ ಉದ್ದಕ್ಕೆ ಚಾಚುತ್ತದೆ, ಹೆಜ್ಜೆ ದೊಡ್ಡದಾಗಿ ಮರಳಿನ ಮೇಲೆ ತೇಲುತ್ತದೆ. 15ಕ್ಕಿಂತ ಕೆಳಗಿಳಿಸಿದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಕಳಚಬಹುದು. ವೇಗ 40 ಕಿ.ಮೀ. ಒಳಗೇ ಇರಲಿ, ತಿರುವು ಅಗಲವಾಗಿರಲಿ, ನಿಲ್ಲಿಸುವಾಗ ಬ್ರೇಕ್ ಒತ್ತದೆ ಉರುಳಿ ನಿಲ್ಲಲು ಬಿಡಿ. ಒತ್ತಿದರೆ ಚಕ್ರದ ಮುಂದೆ ಮರಳಿನ ದಿಬ್ಬ ಏಳುತ್ತದೆ. ಡಾಂಬರಿಗೆ ಬರುವ ಮುನ್ನ ಗಾಳಿ ತುಂಬಲೇಬೇಕು, ಅಂದರೆ ಕಂಪ್ರೆಸರ್ ಜೊತೆಯಲ್ಲಿರಬೇಕು.

ಚಕ್ರ ಜಾರಿ ತಿರುಗದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಗುಂಡಿಯ ಬಗ್ಗೆ ಎರಡು ಮಾತು. ಆಳ ಮರಳಿನಲ್ಲಿ ಅದು ಎಂಜಿನ್ನಿನ ಕತ್ತು ಹಿಸುಕುತ್ತದೆ, ಆರಿಸಿ. ಆದರೆ ಗುಂಡಿಬಿದ್ದ ದಾರಿಯಲ್ಲಿ ಎದುರುಬದುರು ಮೂಲೆಯ ಎರಡು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದರೆ ಅದೇ ನಿಮ್ಮ ನೆಂಟ: ತಿರುಗುವ ಚಕ್ರಕ್ಕೆ ಬ್ರೇಕ್ ಹಾಕಿ, ನೆಲ ಹಿಡಿದ ಚಕ್ರಕ್ಕೆ ಶಕ್ತಿ ಕಳಿಸುತ್ತದೆ. ಅಲ್ಲಿ ಆರಿಸಬೇಡಿ, ಹೆದರಿ ಆಕ್ಸಿಲರೇಟರ್ ಬಿಡಲೂ ಬೇಡಿ. ಒಂದೆರಡು ಕ್ಷಣ ಹದವಾಗಿ ಒತ್ತಿ ಹಿಡಿದರೆ ಕರಕರ ಸದ್ದಿನೊಡನೆ ಕಾರು ಮೇಲೇಳುತ್ತದೆ.

ನೀರು ಕಂಡರೆ ಮೊದಲು ಇಳಿದು ಕೋಲಿನಿಂದ ಆಳ ನೋಡಿ. ನಡೆದು ದಾಟಲಾಗದ್ದನ್ನು ಓಡಿಸಿಯೂ ದಾಟಬೇಡಿ. ಹರಿಯುವ ನೀರು 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಬಲ್ಲದು, 60 ಸೆಂ.ಮೀ. ಇದ್ದರೆ ಹೆಚ್ಚಿನ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಎಂಜಿನ್ ಗಾಳಿ ಎಳೆಯುವ ಬಾಯಿ ಎಲ್ಲಿದೆ ಎಂದು ಬಾನೆಟ್ ತೆರೆದು ತಿಳಿದಿಟ್ಟುಕೊಳ್ಳಿ. ಇಳಿಯುವ ಮುನ್ನ ಕೆಲವು ನಿಮಿಷ ನಿಂತು ಡಿಫರೆನ್ಷಿಯಲ್ ಆರಲು ಬಿಡಿ. ಕಾದ ಪೆಟ್ಟಿಗೆ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುತ್ತದೆ. ನಡುನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಗಾಳಿಯಂತೆ ಅದುಮಿಸಿಕೊಳ್ಳುವುದಿಲ್ಲ. ಸಿಲಿಂಡರಿನೊಳಗೆ ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಸಿಕ್ಕಿಬಿದ್ದರೆ

ಚಕ್ರ ತಿರುಗಿ ಕಾರು ಮುಂದೆ ಹೋಗದ ಮೊದಲ ಕ್ಷಣದಲ್ಲೇ ಕಾಲು ತೆಗೆಯಿರಿ. ಇನ್ನೊಂದು ಪ್ರಯತ್ನ, ಮತ್ತೊಂದು ಪ್ರಯತ್ನ ಎನ್ನುತ್ತ ಹೊಟ್ಟೆಯವರೆಗೆ ಹೂತವರೇ ಹೆಚ್ಚು. ಸಲಿಕೆಯಿಂದ ಚಕ್ರಗಳ ಮುಂದಿನ ಮತ್ತು ಹೊಟ್ಟೆಯಡಿಯ ಮಣ್ಣು ತೆಗೆಯಿರಿ, ಗಾಳಿ ಇನ್ನಷ್ಟು ಇಳಿಸಿ, ಚಕ್ರಕ್ಕೆ ತಾಗುವಂತೆ ಹಲ್ಲಿನ ಹಲಗೆಗಳನ್ನು ತೂರಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಬಂದ ದಾರಿ ಕಾರನ್ನು ಒಮ್ಮೆ ಹೊತ್ತಿದೆ, ಮುಂದಿನದರ ಖಾತ್ರಿಯಿಲ್ಲ.

ಇನ್ನೊಂದು ವಾಹನ ಎಳೆಯುವುದಾದರೆ ಕೊಂಡಿ ಗಟ್ಟಿ ಜಾಗದಲ್ಲಿರಲಿ. ಟ್ರೇಲರ್ ಸಿಕ್ಕಿಸುವ ಚೆಂಡಿನಾಕಾರದ ಕೊಂಡಿಗೆ ಎಂದಿಗೂ ಹಗ್ಗ ಬೇಡ. ಅದು ಮುರಿದರೆ ತೋಪಿನ ಗುಂಡು. ಬಂಪರಿನಲ್ಲಿ ತಿರುಪಿ ಹಾಕುವ ಕೊಂಡಿ ಮೆಲ್ಲಗೆ, ನೇರವಾಗಿ ಎಳೆಯಲಷ್ಟೇ, ಜಗ್ಗುಹಗ್ಗದ ಹೊಡೆತಕ್ಕಲ್ಲ. ಹಗ್ಗದ ನಡುವೆ ದಪ್ಪ ಕಂಬಳಿ ಹೊದಿಸಿ, ನೋಡುವವರನ್ನು ಹಗ್ಗದ ಒಂದೂವರೆ ಪಟ್ಟು ದೂರ ನಿಲ್ಲಿಸಿ.

ಕೆಟ್ಟುನಿಂತ ಕಾರನ್ನು ಎರಡು ಚಕ್ರ ನೆಲದಲ್ಲಿ ಉರುಳುವಂತೆ ಎತ್ತಿ ಒಯ್ಯಲು ಬಿಡಬೇಡಿ. ನಾಲ್ಕೂ ಚಕ್ರ ಮೇಲಿರುವ ಚಪ್ಪಟೆ ಗಾಡಿಯನ್ನೇ ಕರೆಸಿ.

ಬಿಡಾರದಲ್ಲಿ

ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ, ಸೈಲೆನ್ಸರಿನ ಬಿಸಿಗೆ ಹುಲ್ಲು ಹೊತ್ತಿಕೊಂಡೀತು. ಬೆಚ್ಚಗಿರಲೆಂದು ಎಂಜಿನ್ ಚಾಲೂ ಇಟ್ಟು ಮಲಗಬೇಡಿ. ಹಿಮ ಅಥವಾ ಕೆಸರು ಹೊಗೆಕೊಳವೆ ಮುಚ್ಚಿದ್ದರೆ ವಾಸನೆಯಿಲ್ಲದ ಕಾರ್ಬನ್ ಮೋನಾಕ್ಸೈಡ್ ನಿದ್ದೆಯಲ್ಲೇ ಮುಗಿಸುತ್ತದೆ. 12 ವೋಲ್ಟಿನ ಫ್ರಿಜ್ ಇದ್ದರೆ ಅದಕ್ಕೆ ಬೇರೆ ಬ್ಯಾಟರಿ ಒಳ್ಳೆಯದು. ನಿಂತ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2ಕ್ಕೆ ಬಂದರೆ ಹೆಚ್ಚುಕಡಿಮೆ ಅರ್ಧ. ಅಲ್ಲಿಗೆ ಫ್ರಿಜ್ ಆರಿಸಿ.

ಮರಳಿ ಬಂದ ಮರುದಿನ

ದಣಿವಿನ ನೆಪ ಹೇಳಿ ಒಂದು ವಾರ ಬಿಟ್ಟರೆ ಕೆಸರು ಇಟ್ಟಿಗೆಯಾಗುತ್ತದೆ. ಮೊದಲು ಅಡಿಭಾಗ, ಚಕ್ರದ ಕಮಾನು, ಬಾಗಿಲಡಿಯ ನೀರು ಹರಿಯುವ ರಂಧ್ರಗಳನ್ನು ತೊಳೆಯಿರಿ. ಮೇಲಿನ ಹೊಳಪು ಆಮೇಲೆ. ಸಮುದ್ರತೀರ ಅಥವಾ ಉಪ್ಪು ಎರಚಿದ ರಸ್ತೆಯಿಂದ ಬಂದಿದ್ದರೆ ಅಂದೇ ತೊಳೆಯಬೇಕು. ರಿಮ್ಮಿನ ಒಳಗೆ ಅಂಟಿದ ಮಣ್ಣು ತೆಗೆಯಿರಿ, ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಗುವುದಕ್ಕೆ ಹಲವು ಸಲ ಇದೇ ಕಾರಣ, ಬ್ಯಾಲೆನ್ಸಿಂಗ್ ಅಲ್ಲ. ರೇಡಿಯೇಟರಿಗೆ ಜೋರು ನೀರಿನ ಪೈಪ್ ಹತ್ತಿರ ಹಿಡಿಯಬೇಡಿ, ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಆಳದ ನೀರು ದಾಟಿದ್ದರೆ ಡಿಫರೆನ್ಷಿಯಲ್ಲಿನ ತುಂಬುವ ಬೋಲ್ಟ್ ಬಿಚ್ಚಿ ಬೆರಳದ್ದಿ ಎಣ್ಣೆಯ ಬಣ್ಣ ನೋಡಿ. ಪ್ರವಾಸದಲ್ಲಿ ಚಕ್ರ ಬಿಚ್ಚಿದ್ದರೆ 50ರಿಂದ 100 ಕಿ.ಮೀ. ಓಡಿದ ಮೇಲೆ ನಟ್ಟುಗಳ ಬಿಗಿ ಮತ್ತೊಮ್ಮೆ ನೋಡಬೇಕು. ಕೊನೆಗೆ ತಣ್ಣಗಿರುವ ಟೈರುಗಳ ಗಾಳಿ ಅಳೆದು, ಟ್ರೆಡ್ ಅಳೆದು, ಕಿಲೋಮೀಟರಿನೊಂದಿಗೆ ಪುಸ್ತಕದಲ್ಲಿ ಬರೆಯಿರಿ. ಐದು ಸಾಲು ಬರೆಯಬೇಕು, ನಾಲ್ಕಲ್ಲ: ಡಿಕ್ಕಿಯಡಿಯ ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿರುವುದು ಗೊತ್ತಾಗುವುದು ಸಾಮಾನ್ಯವಾಗಿ ಮಳೆಯಲ್ಲಿ, ಕತ್ತಲಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿ.